ಮುಕ್ಕಾಲು ಎಕರೆಯ ತೂಕ

ವಿಹಿಗಾದ ಇಳಿಜಾರಿನಲ್ಲಿ ಮಿನಾಯೊಳ ಹೊಲ,
ಹೆಜ್ಜೆಯಲ್ಲಿ ಅಳೆದರೆ ನೂರಾ ಹತ್ತು ಉದ್ದ, ಐವತ್ತು ಅಗಲ.
ನನ್ನ ಕೈಯಲ್ಲಿ ಸ್ಪ್ರಿಂಗ್ ತಕ್ಕಡಿ, ಹೆಗಲ ಮೇಲೆ ಮಣ್ಣು ತೆಗೆವ ಬೈರಿಗೆ,
ಚೀಲದಲ್ಲಿ ಹನ್ನೊಂದು ಪುಟದ ನಮೂನೆ:
ಎಡಕ್ಕೆ, ಒಳಗೆ ಬಂದದ್ದು.
ಬಲಕ್ಕೆ, ಹೊರಗೆ ಹೋದದ್ದು.

ಮೇಕೆಹಿಕ್ಕೆ ಎಷ್ಟು ಬುಟ್ಟಿ ಹಾಕಿದಿರಿ, ಅಂದೆ.
ಯಾರ ಬುಟ್ಟಿ, ನನ್ನದೊ ಸೊಸೆಯದೊ?
ಎರಡನ್ನೂ ತುಂಬಿ ತಂದಳು, ತೂಗಿದೆ.
ಸೊಸೆಯದು ಮೂರು ಕಿಲೊ ಕಡಿಮೆ.
ಗೊತ್ತಿತ್ತು, ಅಂದಳು ಮಿನಾಯೊ,
ಹಿತ್ತಲಿಗೆ ಕೇಳುವಷ್ಟು ಜೋರಾಗಿ.

ಒಲೆಯ ಬೂದಿ ದಿನಕ್ಕೊಂದು ಡಬ್ಬ.
ಅಂಗಡಿಯ ಗೊಬ್ಬರ ಹತ್ತು ಕಿಲೊ, ಮಾರ್ಚಿನಲ್ಲಿ,
ಸೋಡಾ ಬಾಟಲಿಯ ಮುಚ್ಚಳದಲ್ಲಿ ಅಳೆದು
ಗುಣಿಗೊಂದು ಮುಚ್ಚಳ.
ಮಳೆ ತರುವ ಸಾರಜನಕವನ್ನು ನಮ್ಮ ಆಫೀಸೇ ಅಂದಾಜು ಮಾಡುತ್ತದೆ.
ಗುಡುಗಿಗೂ ಒಂದು ಅಂಕಣವಿದೆ ಎಂದಾಗ ಮೊದಲ ಸಲ ನಕ್ಕಳು.

ಹೋದದ್ದನ್ನು ಹೇಳಲು ಹೊತ್ತು ಹಿಡಿಯಿತು.
ಮೆಕ್ಕೆಜೋಳ ಆರು ಚೀಲ.
ದಂಟು, ಬೇಲಿಯಾಚೆಯ ಮುದೇಗುವಿನ ಹಸುವಿಗೆ;
ಹಾಲು ಅರ್ಧ ಲೀಟರು ಇತ್ತ ಬರುತ್ತದೆ, ಸಗಣಿ ಅತ್ತಲೇ ಉಳಿಯುತ್ತದೆ.
ಮೊಮ್ಮಗ ಕಿಸಿಯಾನ ಶಾಲೆಗೆ ಫೀಸಿನ ಲೆಕ್ಕದಲ್ಲಿ ಬೀನ್ಸ್ ಕಾಳು ಎರಡು ಡಬ್ಬ.
ಮೈದುನ ಸತ್ತಾಗ ಮೂರು ಗೊನೆ ಬಾಳೆ.
ಮೇ ತಿಂಗಳಲ್ಲಿ ಒಂದು ರಾತ್ರಿ ಸುರಿದ ಮಳೆಗೆ
ಕೆಳಗಿನ ಹೊಳೆ ಬೆಳಗಾಗುವಾಗ ಕೆಂಪಗಿತ್ತು.
ಅದಕ್ಕೆಷ್ಟು ಬರೆಯಲಿ?
ಹೊಳೆಯನ್ನು ಕೇಳು, ಅಂದಳು.

ಅಡುಗೆಮನೆಯ ಹಿಂಬಾಗಿಲಿಗೆ ತಗುಲಿದ ತುಂಡು ಮಾತ್ರ ಕಪ್ಪು.
ಸಿಪ್ಪೆ, ಕೋಳಿ, ಪಾತ್ರೆ ತೊಳೆದ ನೀರು,
ಕೂತಲ್ಲಿಂದಲೇ ಎಸೆದ ನಲವತ್ತು ವರ್ಷ.
ಬೈರಿಗೆ ಅಲ್ಲಿ ಸದ್ದಿಲ್ಲದೆ ಇಳಿಯಿತು.
ಕೆಳತುದಿಯಲ್ಲಿ ಕಿರುಗುಟ್ಟಿತು, ಎರಡು ಸಲ ಜಾರಿತು.
ದೂರ ಹೋದಷ್ಟೂ ಬುಟ್ಟಿ ಹೊತ್ತ ಕತ್ತು ಸೋತಿದೆ,
ಮಣ್ಣಿಗೆ ಅದು ಗೊತ್ತಾಗಿದೆ.

ಸಂಜೆ ಜಗಲಿಯಲ್ಲಿ ಕೂತು ಕೂಡಿದೆ, ಕಳೆದೆ.
ರಂಜಕ ಹೆಚ್ಚುಕಡಿಮೆ ಸಮ.
ಸಾರಜನಕ, ಈ ವರ್ಷ ಇಪ್ಪತ್ತೊಂದು ಕಿಲೊ ಕಡಿಮೆ.
ಯಾವುದರಿಂದ ಕಡಿಮೆ?
ಮೊದಲು ಇದ್ದದ್ದರಿಂದ.
ಮೊದಲು ಎಷ್ಟಿತ್ತು?
ನಮೂನೆಯ ಹನ್ನೊಂದೂ ಪುಟ ತಿರುವಿದೆ.
ಅವಳು ಕಾದಳು, ಪಾಪ, ಚಹಾ ಆರುವವರೆಗೂ.

ಆಮೇಲೆ ನನ್ನ ಚೀಲದತ್ತ ಗಲ್ಲ ಎತ್ತಿದಳು.
ಅದರೊಳಗೆ ನಾಲ್ಕು ಪೊಟ್ಟಣ ನನ್ನ ಮಣ್ಣಿದೆಯಲ್ಲ,
ಅದನ್ನು ಎಲ್ಲಿ ಬರೆದೆ?

ಬರೆದಿರಲಿಲ್ಲ.
ತಕ್ಕಡಿಗೆ ಸಿಕ್ಕಿಸಿದೆ: ಎರಡು ಕಿಲೊ ನಾನೂರು ಗ್ರಾಂ.
ಅವಳಿಗೆ ಓದಲು ಬಾರದು,
ಪೆನ್ನು ಬಲಕ್ಕೆ ಹೋಯಿತೇ ಎಂದು ಮಾತ್ರ ನೋಡಿದಳು.

ಹೊರಟಾಗ ಬೇಲಿಬಾಗಿಲಲ್ಲಿ ಅಡ್ಡ ನಿಂತಳು,
ಕೈಯಲ್ಲಿ ಹಿಡಿ ಮುರಿದ ಚಾಕು.
ಬೂಟು, ಅಂದಳು.
ಒಂಟಿಕಾಲಲ್ಲಿ ನಿಂತು, ಅವಳ ಹೆಗಲು ಹಿಡಿದು,
ಅಟ್ಟೆಯ ಗೀರುಗೀರಿನಿಂದ ಹೆರೆದು ಕೊಟ್ಟೆ.
ಬೊಗಸೆಯಲ್ಲಿ ಹಿಡಿದು,
ಅಡುಗೆಮನೆಯ ಹಿಂದಿನ ಕಪ್ಪು ತುಂಡನ್ನು ದಾಟಿ
ಕೆಳತುದಿಯ ಕಡೆಗೆ ಹೋದಳು.