ಎರಡು ಬೆರಳು

ಜಿರಾಫೆಯ ಕೊರಳಿಗೊಂದು ಕೆಂಪು ಗೆರಿ.
ನೂರಾ ಇಪ್ಪತ್ತು ಸೆಂಟಿಮೀಟರ್.
ಅದರ ಬಾಜೂಕ ಸ್ಟೂಲ್ ಹಾಕ್ಕೊಂಡು ನಾನು,
ಬೋಂಗಾಳೆ, ಮೊದಲು ಟೇಲರ್,
ಈಗ ನವನಗರದ ಈ ಪಾರ್ಕಿನಾಗ
ಡ್ರ್ಯಾಗನ್ ರೈಲಿನ ಗೇಟಿಗೆ ಅಳತಿ ಹಿಡಿಯಾಂವ.

ಜಿರಾಫೆ ಪ್ಲೈವುಡ್ಡಿಂದು. ಯಾವತ್ತೂ ನಗತಿರತೈತಿ.
ಬಂದ ಹುಡುಗರು ಮೊದಲು ಅದಕ್ಕ ಮುತ್ತು ಕೊಡತಾವ,
ಆಮ್ಯಾಲೆ ಅದರ ಮುಂದ ಕುಂತು ಅಳತಾವ.
ಅಳೆಯೋದಕ್ಕೂ ಅಳೋದಕ್ಕೂ ನಡುವ
ಭಾಳ ದೂರ ಇಲ್ಲ ನಮ್ಮ ಮಾತಿನಾಗ.

ಎಲ್ಲಾ ಕಸರತ್ತು ನೋಡೀನಿ:
ಬೂಟಿನೊಳಗ ಮಡಚಿಟ್ಟ ಪೇಪರ್,
ನೆತ್ತಿಮ್ಯಾಲೆ ಎತ್ತಿ ಕಟ್ಟಿದ ಜುಟ್ಟು,
ಹಿಮ್ಮಡ ಎತ್ತಿ, ಉಸಿರು ಬಿಗಿಹಿಡಿದು
ಕೆಂಪಗಾಗಿ ನಿಂತ ವಕೀಲರ ಮಗಳು.
ಇಳಕಲ್ಲಿನ ಒಬ್ಬ ಅಜ್ಜ ಅಂತೂ
ಮೊಮ್ಮಗನ ಪರವಾಗಿ ಐವತ್ತರ ನೋಟು
ನನಗ ಕೊಡಲಿಲ್ಲ, ಜಿರಾಫೆಯ ಬಾಯಾಗ ಇಟ್ಟ.

ನಲವತ್ತು ವರ್ಷ ನಾ ಹೊಲಿದದ್ದು
ಹೆಚ್ಚಾಗಿ ಸಾಲಿ ಯೂನಿಫಾರಂ.
ಈ ಜೂನ್‌ದಾಗ ಅಳತಿ ತಗೊಂಡು
ಮುಂದಿನ ಜೂನ್‌ಗೆ ಹೊಲೀತಿದ್ದೆ.
ಎರಡು ಬೆರಳು ಉದ್ದ, ಎರಡು ಬೆರಳು ಅಗಲ,
ಅಂಚಿನೊಳಗ ಮಡಚಿಟ್ಟ ಅರಿವಿ.
"ಬೆಳಿಯೋ ಕೂಸು, ಬಿಟ್ಟು ಹೊಲಿ" ಅಂತ
ಹೇಳದ ತಾಯಿ ಇಲ್ಲ.
ಹೇಳದಿದ್ರೂ ಬಿಡತಿದ್ದೆ.
ಇಲ್ಲೆ ಬಿಡಂಗಿಲ್ಲ.

ಹಳೇ ಊರಾಗ ನನ್ನ ಅಂಗಡಿ ಗ್ವಾಡಿಗೂ
ಯಾರೋ ಬಂದು ಒಂದು ಗೆರಿ ಎಳದಿದ್ರು.
ನೀರು ಇಲ್ಲೀತನಕ ಬರತೈತಿ ಅಂದ್ರು.
ನನ್ನ ಮಷಿನ್ನು ಗೆರಿಗಿಂತ ಕೆಳಗಿತ್ತು.
ಅಷ್ಟ.

ನಿನ್ನೆ ಐತವಾರ. ಬನಹಟ್ಟಿ ಬಸ್ಸಿಳಿದು
ಒಬ್ಬಾಕಿ ಬಂದ್ಲು, ಮಗನ ಕೈ ಹಿಡಕೊಂಡು.
ಬೆರಳ ತುದಿಗೆ ನೂಲು ಕೊಯ್ದ ಗಾಯ,
ಕಂಡಕಿ ಸುತ್ತೋ ಕೈ ಅಂತ ಗುರ್ತು ಹಿಡದೆ.
ಹುಡುಗನ ಹೆಸರು ಕಾಡಸಿದ್ದ.
"ನೆಟ್ಟಗ ನಿಂದ್ರೋ, ಎದಿ ಎತ್ತು," ಅಂದ್ಲು.
ಅಂವ ತಿರುಗಿ ಆಕಿ ಮಾರಿ ನೋಡಿದ:
"ಬಸ್ಸಿನಾಗ ಬಗ್ಗು ಅಂದಿ,
ಮೊಣಕಾಲು ಮಡಚು ಅಂದಿ,
ಆರು ತುಂಬಿಲ್ಲ ಅನ್ನು ಅಂದಿ.
ಖರೇ ಹೇಳು, ನಾ ಎಷ್ಟು ಅದೀನಿ?"

ಸಾಲಿನಾಗ ಇದ್ದವರೆಲ್ಲಾ ನಕ್ಕರು.
ಆಕಿ ಸೆರಗು ಬಾಯಿಗೆ ಒತ್ತಿಕೊಂಡಳು,
ನಕ್ಕಳೋ ಏನೋ, ತಿಳೀಲಿಲ್ಲ.

ನೆತ್ತಿಮ್ಯಾಲೆ ಅಂಗೈ ಇಟ್ಟೆ.
ನೂರಾ ಹದಿನಾರು.
ಬರೋಬ್ಬರಿ ಎರಡು ಬೆರಳು ಕಮ್ಮಿ,
ಜೀವಮಾನ ಪೂರ್ತಿ ನಾ ಪುಕ್ಕಟೆ ಹಂಚಿದ
ಅದ ಎರಡು ಬೆರಳು.

ನಿಂತ ರೈಲಿನ ಖಾಲಿ ಡಬ್ಬಿಯೊಳಗ
ಅವನ್ನ ಕೂಡಿಸಿ, ಸರಳು ಇಳಿಸಿ ತೋರಿಸಿದೆ.
ತೊಡಿಗೂ ಸರಳಿಗೂ ನಡುವ
ನನ್ನ ಮುಷ್ಟಿ ಹಾದು ಹೋತು,
ಮೊಣಕೈತನಕ ಹಾದು ಹೋತು.
"ನಡ ಸಡಿಲಾದ ಚೊಣ್ಣ ಹೆಂಗ ಜಾರತೈತಿ?"
"ಸರ್ರಂತ."
"ಇಲ್ಲೆ ಜಾರಾಂವ ನೀನು."
ಅಂವ ಅಳಲಿಲ್ಲ. ತಾನೂ ಒಮ್ಮೆ
ಸರಳಿನ ಕೆಳಗ ಕೈ ಆಡಿಸಿ ನೋಡಿದ,
ಹೊಲಿಗಿ ಪರೀಕ್ಷೆ ಮಾಡೋ ಗಿರಾಕಿ ಹಂಗ.

ಜಿರಾಫೆಯ ಬೆನ್ನ ಹಿಂದ ಕರಕೊಂಡು ಹೋದೆ.
ಅಲ್ಲಿ ಬಣ್ಣ ಇಲ್ಲ, ನನ್ನ ಖಡುವಿನ ಗೆರಿ ಅದಾವ,
ಮ್ಯಾನೇಜರ್‌ಗೆ ಗೊತ್ತಿಲ್ಲ.
ಶಿಫಾನಾಜ್, ಎರಡನೇ ಸಲ.
ಗ್ಯಾನಪ್ಪ, ದೀಪಾವಳಿ ಸೂಟಿ.
ಒಂದು ಹೆಸರು ಅರ್ಧ ಅಳಿಸೇತಿ, ಯಾರೋ ಏನೋ.
ಕಾಡಸಿದ್ದ, ನೂರಾ ಹದಿನಾರು ಅಂತ ಬರದೆ.
ಮ್ಯಾಲ ಎರಡು ಬೆರಳು ಜಾಗಾ ಬಿಟ್ಟೆ.

ಸಂಜಿಗೆ ಗೇಟಿನ ಎದುರು ಬಸ್ಸು ನಿಂತಿತು.
ಬಾಗಲದಾಗ ಕಂಡಕ್ಟರ್. ತಾಯಿಗೆ ಶೂನ್ಯ ಟಿಕೆಟ್.
ಆಕಿ ಮಗನ ಹೆಗಲು ಮೆಲ್ಲಕ ಒತ್ತಿದ್ದು
ಇಲ್ಲಿಂದನ ಕಂಡಿತು.
ಇನ್ನೊಮ್ಮೆ ಒತ್ತಿದಳು.
ಅಂವ ಬಗ್ಗಲಿಲ್ಲ,
ತಲಿ ಎತ್ತಿ ಕಂಡಕ್ಟರಿಗೆ ಏನೋ ಹೇಳಿದ.
ಆಕಿ ಚೀಲದ ಮೂಲಿ ತಡಕಾಡಿ
ಅರ್ಧ ಟಿಕೆಟಿನ ರೊಕ್ಕ ಎಣಿಸಿದಳು.