ಬಾಯಿಲ್ಲದ ಪತಂಗ

ಉಂಡು ಮುಗಿಸಿಯೇ ಬಂದಿದೆ ಇದು—
ಎರಡು ವರ್ಷ ಮಣ್ಣೊಳಗೆ
ವಾಲಬಿ ಹುಲ್ಲಿನ ಬೇರು ಮೆದ್ದು.
ಈಗ ಬಾಯಿಯೇ ಇಲ್ಲ.
ಇರುವುದು ಮೂರು ದಿನ,
ಅದೂ ಬಿಸಿಲಿದ್ದರೆ.

ವಿಕ್ಟೋರಿಯಾದ ಈ ಬಯಲಲ್ಲಿ
ನೇಗಿಲು ಮುಟ್ಟದ್ದು ಸ್ಮಶಾನವೊಂದೇ.
ಡಿಸೆಂಬರಿನ ಉರಿ, ಹನ್ನೊಂದು ಗಂಟೆ, ಗಾಳಿಯಿಲ್ಲ.
ಹುಲ್ಲು ಕತ್ತರಿಸುವ ಡರ್ಮಟ್
ಯಂತ್ರ ನಿಲ್ಲಿಸಿ ಮೊಣಕಾಲೂರಿದ್ದಾನೆ,
ಪ್ರಾರ್ಥನೆಗಲ್ಲ.

ಗಂಡು ಸೊಂಟದೆತ್ತರ ಹಾರಿ ಹಾರಿ ಹುಡುಕುತ್ತದೆ.
ಹೆಣ್ಣು ಹಾರುವುದು ಅಪರೂಪ;
ಹುಲ್ಲಿನ ಬುಡದಲ್ಲಿ ಕೂತು
ಒಳರೆಕ್ಕೆ ಬಿಚ್ಚುತ್ತದೆ: ಕಿತ್ತಳೆ.
ಮುಚ್ಚುತ್ತದೆ. ಮತ್ತೆ
ಕಿತ್ತಳೆ.

ನೆಲದಿಂದ ಅರ್ಧ ಎದ್ದು ನಿಂತ ಖಾಲಿ ಕೋಶವೊಂದನ್ನು
ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡ.
‘ಎಲ್ಸ್‌ಪೆತ್ ಮಕಾಲೆ, ನಿದ್ರಿಸುತ್ತಿದ್ದಾಳೆ’
ಎನ್ನುತ್ತದೆ ಕಲ್ಲು.
ಅವಳ ಸುತ್ತ ಹುಲ್ಲು ಈ ತಿಂಗಳು ಹಾಗೇ ಇರಲಿ.
ಯಾರಾದರೂ ಕೇಳಿದರೆ
ಮೋಟಾರು ಕೆಟ್ಟಿತ್ತು.