ಸುಂಕದವನ ಮುಂದೆ

ಅದೇನಿಲ್ಲ ಕಣಪ್ಪ, ಹಳೆಯ ಕೈಗವಸು.
ಎಡಗೈಯ ಕಿರುಬೆರಳು ಬಿಚ್ಚಿಹೋಗಿ
ಎರಡು ಸಲ ನಾನೇ ಹೊಲಿದದ್ದು.
ನಿನ್ನ ಕಾಯಿದೆ ನನಗೂ ಗೊತ್ತು:
ಹೊರದೇಶದಲ್ಲಿ ಕುದುರೆ ಮುಟ್ಟಿದ ತೊಗಲು
ಈ ದ್ವೀಪದೊಳಕ್ಕೆ ಬರುವಂತಿಲ್ಲ.
ಜೀನು ಅಲ್ಲೇ ಮಾರಿದೆ. ಬಟ್ಟೆ ಮೂರು ಸಲ ಒಗೆದೆ.
ಇದೊಂದು ಹೇಗೋ ಕೋಟಿನ ಜೇಬಲ್ಲಿ ಉಳಿದುಬಿಟ್ಟಿದೆ.

ಹೇಗೋ ಅಂದೆನಲ್ಲ, ಸುಳ್ಳು.

ಹೆಸರು ಸ್ಟೇನ್ವೋರ್. ವಯಸ್ಸು ಅರುವತ್ತೆರಡು.
ಕಸುಬು?
ಕುದುರೆ ಅಂತ ಬರೆದುಕೋ.
ಆ ಚೌಕದಲ್ಲಿ ಅಷ್ಟೇ ಜಾಗ ಇರುವುದು ಒಳ್ಳೆಯದೇ ಆಯಿತು.

ಐದನೆಯ ವಯಸ್ಸಿಗೆ ಅಪ್ಪ, ಹಾಲಿನ ಕ್ಯಾನುಗಳ ನಡುವೆ,
ಹೇರುಗುದುರೆಯ ಬೆನ್ನಿಗೆ ಕಟ್ಟಿದ ನನ್ನನ್ನು.
ಕೆಳಗೊಂದು ಬೆಟ್ಟ ಬೆಚ್ಚಗೆ ಉಸಿರಾಡುತ್ತಿತ್ತು;
ಮಿಕ್ಕ ಬೆಟ್ಟಗಳೆಲ್ಲ ತಣ್ಣಗೆ, ಸುಮ್ಮನೆ.
ಹನ್ನೊಂದರಲ್ಲಿ ಹೊಳೆ ದಾಟುವಾಗ ಬಿದ್ದು ಕೊರಳೆಲುಬು ಮುರಿಯಿತು.
ಅಮ್ಮ ಬೈದಳು, ಕುದುರೆಯನ್ನಲ್ಲ, ಹೊಳೆಯನ್ನು.
ಮದುವೆಯಾದೆ. ಥೋರ್ಲಾಕುರ್ ದೋಣಿಯವನು, ಒಳ್ಳೆಯವನು.
ನಿನ್ನ ಮೈಯೆಲ್ಲ ಲಾಯದ ವಾಸನೆ ಎನ್ನುತ್ತಿದ್ದ,
ನಿನ್ನದು ಮೀನು ಎನ್ನುತ್ತಿದ್ದೆ.
ಹದಿನಾಲ್ಕು ವರ್ಷ ಅದು ಸರಿಹೋಯಿತು,
ಆಮೇಲೆ ಇಲ್ಲ.
ಅದೂ ಬೇಕಾ ನಿನಗೆ? ಬೇಡ ಬಿಡು.

ಗ್ರೀಮಾಳ ವಿಷಯಕ್ಕೆ ಬರುತ್ತೇನೆ.
ಕರಿ ಮೈ, ಮುಖಕ್ಕೆ ಬಿಳಿ ಮುಸುಕು, ಹೆಸರೂ ಅದೇ.
ಮೇ ತಿಂಗಳ ತಡವಾದ ಹಿಮದಲ್ಲಿ ಹುಟ್ಟಿದಳು.
ನಾನು ಓಡಿ ಹೋಗುವಷ್ಟರಲ್ಲಿ ಎದ್ದು ನಿಂತಿದ್ದಳು
ಗಾಳಿಗೆ ಬೆನ್ನು ಕೊಟ್ಟು.
ಯಾರು ಕಲಿಸಿದರು ಹೇಳು, ಒಂದು ಗಂಟೆಯ ಕೂಸಿಗೆ
ಗಾಳಿ ಯಾವ ಕಡೆಯದೆಂದು?

ನಾಲ್ಕು ವರ್ಷ ಅವಳ ಬೆನ್ನೇರಲಿಲ್ಲ.
ಏರಿದ ಮೇಲೆ ಹನ್ನೊಂದು ವರ್ಷ ಇಳಿಯಲಿಲ್ಲ ಅಂತಲೇ ಅನ್ನು.
ಟೋಲ್ಟ್ ನಡಿಗೆ ನೋಡಿದ್ದೀಯಲ್ಲ?
ನಾಲ್ಕು ಗೊರಸು, ನಾಲ್ಕು ಪೆಟ್ಟು,
ಒಂದರ ಮೇಲೊಂದು ಬೀಳದೆ, ಒಂದನ್ನೊಂದು ಕಾಯದೆ,
ಸವಾರನ ಕೈಯ ಬಿಯರು ತುಳುಕದ ಹಾಗೆ.
ಬಿಯರು ಯಾವ ಲೆಕ್ಕ.
ನನ್ನೊಳಗೆ ಅಂಚಿನ ತನಕ ತುಂಬಿಕೊಂಡದ್ದನ್ನೆಲ್ಲ
ಒಂದು ಹನಿ ಚೆಲ್ಲದೆ ಹೊತ್ತು
ಸುತ್ತು ಮುಗಿಸುತ್ತಿದ್ದಳು.

ಪಂದ್ಯವೇ? ಹೌದು, ಗೆಲ್ಲಬೇಕಿತ್ತು ನನಗೆ.
ಬರೀ ಪ್ರೀತಿಗೆ ಏರುತ್ತೇವೆ ಎನ್ನುವವರನ್ನು ನಂಬಬೇಡ.
ಮೂವತ್ತು ವರ್ಷ ನಾಲ್ಕನೆಯವಳಾಗಿ ನಿಂತವಳು ನಾನು
ಪದಕದ ಮೆಟ್ಟಿಲ ಪಕ್ಕದಲ್ಲಿ,
ಚಪ್ಪಾಳೆ ತಟ್ಟುತ್ತ.
ವಿಶ್ವಪಂದ್ಯದ ತಂಡಕ್ಕೆ ಕರೆ ಬಂದಾಗ
ಷರತ್ತು ಮಗುವಿಗೂ ಗೊತ್ತಿರುವಂಥದ್ದೇ:
ಈ ನೆಲ ಬಿಟ್ಟ ಕುದುರೆ ಈ ನೆಲಕ್ಕೆ ಮರಳುವುದಿಲ್ಲ.
ಗೆದ್ದರೂ. ಸೋತರೂ. ಮುದಿಯಾದರೂ.
ಒಂದು ರಾತ್ರಿ ಯೋಚಿಸಿದೆ.
ಒಂದೇ ರಾತ್ರಿ. ಅದನ್ನೂ ಬರೆದುಕೋ.

ಹಾಲೆಂಡಿನಲ್ಲಿ ಬಿಸಿಲು, ತಟ್ಟೆಯಂಥ ನೆಲ,
ಅವಳು ಕಂಡೇ ಇರದಷ್ಟು ಮರ, ಕಚ್ಚುವ ನುಸಿ.
ಕೊನೆಯ ಸುತ್ತಿಗೆ ಐದು ಹಲಗೆ ಮೇಲೆದ್ದವು:
ಎಂಟು, ಎಂಟೂವರೆ, ಎಂಟು, ಒಂಬತ್ತು,
ಮತ್ತೆ ಆ ಮೂಲೆಯ ಪುಣ್ಯಾತ್ಮನ ಏಳೂವರೆ.
ಮೂರನೆಯ ಸ್ಥಾನ.
ಮೂವತ್ತು ವರ್ಷಕ್ಕೆ ಒಂದು ಮೆಟ್ಟಿಲು.
ನಕ್ಕೆ. ಫೋಟೋದಲ್ಲಿ ಚೆನ್ನಾಗಿಯೇ ಬಂದಿದ್ದೇನೆ.

ಕೊಂಡವರು ಒಳ್ಳೆಯ ಜನ, ಬವೇರಿಯಾದ ಕಡೆಯವರು.
ಹನ್ನೆರಡರ ಹುಡುಗಿ, ಹಲ್ಲಿಗೆ ತಂತಿ,
ಜೇಬಿನಲ್ಲಿ ಆಗಲೇ ಕ್ಯಾರೆಟ್.
ಗ್ರೀಮಾ ಆ ಜೇಬಿಗೆ ಮೂತಿ ಇಟ್ಟಳು.
ಇಡಲಿ. ಹೊಟ್ಟೆಕಿಚ್ಚು ನನ್ನದು.
ಟ್ರಕ್ಕಿನ ಹಲಗೆ ಹತ್ತುವ ಮುಂಚೆ ಒಂದು ಗಳಿಗೆ ನಿಂತಳು,
ತಿರುಗಿ ನೋಡಲಿಲ್ಲ,
ಗಾಳಿಗೆ ಬೆನ್ನು ಕೊಟ್ಟು ನಿಂತಳು ಅಷ್ಟೆ.
ಗಾಳಿ ನನ್ನ ಕಡೆಯಿಂದ ಬೀಸುತ್ತಿತ್ತು.

ಸಾಕು. ಇಗೋ ಗವಸು.
ಚೀಲಕ್ಕೆ ಹಾಕು, ಮೊಹರು ಒತ್ತು, ಸುಡು.
ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು
ಯಾರಿಗೆ ಏನು ಸಿಕ್ಕಿತು.

ಅಲ್ಲ ಹುಡುಗಾ,
ಚೀಲದ ಬಾಯಿ ತೆರೆದು ಹಿಡಿದವನು
ಅದನ್ನೇಕೆ ಒಮ್ಮೆ ಮೂಗಿಗೆ ಹಿಡಿದೆ?
ಯಾವ ಕಣಿವೆಯವನು ನೀನು?
ಯಾರ ಮಗ?
ಮನೆಯಲ್ಲಿ ಎಷ್ಟಿದ್ದಾವೆ?